ಹಾಳುಬಿದ್ದ ಓಣಿ ತೋಟವನ್ನು ಮತ್ತೆ ಎಬ್ಬಿಸುವುದು ಹೇಗೆ: ಮೊದಲು ಕೈ ಎಣಿಸಿ, ಆಮೇಲೆ ಗುದ್ದಲಿ ಹಿಡಿಯಿರಿ

ವಿಜಯಪುರದ ಬಡಾವಣೆಗಳಲ್ಲಿ ಸುತ್ತಾಡಿದರೆ ಇಂಥ ಒಂದು ಜಾಗ ಕಣ್ಣಿಗೆ ಬಿದ್ದೇ ಬೀಳುತ್ತದೆ. ತಂತಿ ಬೇಲಿ ಅರ್ಧ ಮಲಗಿರುತ್ತದೆ. ಒಳಗೆ ಎದೆಮಟ್ಟ ಕಾಂಗ್ರೆಸ್ ಕಸ. ಮೂಲೆಯಲ್ಲಿ ತುಕ್ಕು ಹಿಡಿದ ಬೋರ್ಡು, ಅದರ ಮೇಲೆ 'ಸಾಮೂಹಿಕ ಕೈತೋಟ' ಎಂದು ಬರೆದದ್ದು ಅರ್ಧ ಅಳಿಸಿರುತ್ತದೆ. ಜೂನ್‌ನಲ್ಲಿ ಇಪ್ಪತ್ತು ಜನ ಅಗೆದ ನೆಲ ಅದು. ದಸರೆ ಹೊತ್ತಿಗೆ ಅಲ್ಲಿ ಆಡು ಮೇಯುತ್ತಿರುತ್ತವೆ.

ಇದು ನಮ್ಮ ಓಣಿಯಲ್ಲೂ ಆಗಿದೆ. ಮೊದಲ ವರ್ಷ ನಾವು 22 ಮನೆಯವರು ಸೇರಿ ಎರಡು ಗುಂಟೆ ನೆಲಕ್ಕೆ ಟ್ರ್ಯಾಕ್ಟರ್ ಹೊಡೆಸಿದೆವು. ಒಂದೇ ಭಾನುವಾರ ಎಲ್ಲ ಬಿತ್ತಿ ಮುಗಿಸಿ, ಮಿರ್ಚಿ ತಿಂದು, ಫೋಟೋ ತೆಗೆಸಿಕೊಂಡೆವು. ನಾಗರ ಪಂಚಮಿಗೆ ಒಂಬತ್ತು ಜನ ಉಳಿದಿದ್ದರು. ದಸರೆಗೆ ನಾನು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಇಬ್ಬರೇ. ಬೆಂಡೆಕಾಯಿ ಗಿಡದಲ್ಲೇ ಒಣಗಿ ಗೇಣುದ್ದ ಕಟ್ಟಿಗೆಯಾಗಿತ್ತು. ಅಲ್ಲಾಡಿಸಿದರೆ ಒಳಗೆ ಬೀಜ ಗಿಲಗಿಲ ಅನ್ನುತ್ತಿತ್ತು.

ಎಲ್ಲರೂ ಮಾಡುವ ತಪ್ಪು ಒಂದೇ. ಅಗೆಯುವುದರಿಂದ ಶುರು ಮಾಡುತ್ತಾರೆ. ಅದು ಮೂರನೇ ಕೆಲಸ. ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ.

## ಹಂತ 1: ಕೈ ಎಣಿಸುವುದು

ಬಿತ್ತನೆಗೆ ಒಂದು ತಿಂಗಳು ಮೊದಲೇ ಸೇರಿ. 'ತೋಟಕ್ಕೆ ಯಾರು ಯಾರು ಬರ್ತೀರಿ?' ಎಂದು ಕೇಳಬೇಡಿ. ಎಲ್ಲರೂ ಕೈ ಎತ್ತುತ್ತಾರೆ. 'ಮಂಗಳವಾರ ಬೆಳಿಗ್ಗೆ ಆರೂವರೆಗೆ ಯಾರು ಬರ್ತೀರಿ?' ಎಂದು ಕೇಳಿ. ಅರ್ಧ ಕೈ ಕೆಳಗಿಳಿಯುತ್ತವೆ. ಉಳಿದವರ ಹೆಸರು ಬರೆದುಕೊಳ್ಳಿ.

ಈಗ ಅದೇ ಪಟ್ಟಿಯನ್ನು ಕೆಟ್ಟ ವಾರಗಳ ಲೆಕ್ಕದಲ್ಲಿ ಇನ್ನೊಮ್ಮೆ ನೋಡಿ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ದೀಪಾವಳಿಗೆ ಊರಿಗೆ ಹೋದವರು ವಾರ ಬಿಟ್ಟು ಬರುತ್ತಾರೆ. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆ, ಮನೆ ತುಂಬ ಬೀಗರು. ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ, ಮೇನಲ್ಲಿ ಮದುವೆ. ಆ ವಾರಗಳಲ್ಲೂ ಊರಲ್ಲಿ ಇರುವವರು ಎಷ್ಟು ಜನ? ನಿಮ್ಮ ತೋಟಕ್ಕೆ ಇರುವುದು ಅಷ್ಟೇ ಕೈ. ಉಳಿದವರು ಬಂದರೆ ಬಲು ಸಂತೋಷ, ಆದರೆ ಅವರನ್ನು ನಂಬಿ ಬೀಜ ತರಬೇಡಿ.

ನನ್ನ ಲೆಕ್ಕ ಹೀಗಿದೆ. ನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಒಂದು ಮಡಿಗೆ ಇಬ್ಬರು ಬೇಕು. ಇಬ್ಬರೂ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಅರ್ಧ ಗಂಟೆ ಕೊಡಬೇಕು. ಎಂಟು ಜನ ಗಟ್ಟಿ ಇದ್ದರೆ ನಾಲ್ಕು ಮಡಿ. ನಾಲ್ಕೇ ಜನ ಇದ್ದರೆ ಎರಡು. ಜಾಗ ಎರಡು ಗುಂಟೆ ಇದೆಯಲ್ಲ ಎಂದು ಎರಡು ಗುಂಟೆಯನ್ನೂ ಅಗೆದರೆ, ಆ ಉಳಿದ ನೆಲದ ಕಸವೇ ನಿಮ್ಮ ಮಡಿಗೂ ಬೀಜ ಉದುರಿಸುತ್ತದೆ. ಬಳಸದ ಜಾಗದಲ್ಲಿ ಹುಲ್ಲು ಹಾಗೇ ಇರಲಿ, ಹೂ ಬಿಡುವ ಮೊದಲು ತಿಂಗಳಿಗೊಮ್ಮೆ ಕೊಯ್ದರೆ ಸಾಕು.

## ಹಂತ 2: ಜಾಗದ ಒಪ್ಪಿಗೆ, ನೀರಿನ ಲೆಕ್ಕ

ಒಪ್ಪಿಗೆ ಬರಹದಲ್ಲಿರಲಿ. ಜಾಗ ಯಾರ ಹೆಸರಲ್ಲಿದೆಯೋ ಅವರಿಂದ, ಎಷ್ಟು ವರ್ಷಕ್ಕೆ ಎಂಬುದರ ಸಮೇತ. ಬಾಯಿಮಾತಿನ ಮೇಲೆ ಬದನೆ ನೆಟ್ಟು, ಕಾಯಿ ಬಿಡುವ ಹೊತ್ತಿಗೆ ಅಲ್ಲಿ ಇಟ್ಟಿಗೆ ಲಾರಿ ಬಂದು ನಿಂತದ್ದನ್ನು ನೋಡಿದ್ದೇನೆ.

ನೀರಿನ ಲೆಕ್ಕ ಸುಲಭ, ಆದರೂ ಯಾರೂ ಮಾಡುವುದಿಲ್ಲ. ಒಂದು ಚದರ ಮೀಟರ್ ನೆಲಕ್ಕೆ 1 ಮಿ.ಮೀ. ನೀರು ಎಂದರೆ ಒಂದು ಲೀಟರ್. ನಮ್ಮ ಮಡಿ ಸುಮಾರು ಏಳೂವರೆ ಚದರ ಮೀಟರ್. ಚಳಿಗಾಲದಲ್ಲಿ ತರಕಾರಿಗೆ ದಿನಕ್ಕೆ 3–4 ಮಿ.ಮೀ. ಸಾಕು, ಅಂದರೆ ಮಡಿಗೆ 15 ಲೀಟರಿನ ಎರಡು ಕೊಡ. ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಅದೇ ಮಡಿಗೆ ನಾಲ್ಕು ಕೊಡ ಬೇಕಾಗುತ್ತದೆ. ನಾಲ್ಕು ಮಡಿ ಇದ್ದರೆ ದಿನಾ ಹದಿನಾರು ಕೊಡ. ಯಾರು ಹೊರುತ್ತಾರೆ? ಕೊಡ ಹೊರುವವರಿಲ್ಲ ಎಂದಾದರೆ ಪೈಪಿನ ವ್ಯವಸ್ಥೆ ಮೊದಲು, ಬಿತ್ತನೆ ಆಮೇಲೆ.

ಕುಡಿಯುವ ನೀರಿನ ನಲ್ಲಿಗೆ ಪೈಪ್ ಹಚ್ಚುವ ಯೋಚನೆ ಬಿಡಿ. ಓಣಿಯ ಜಗಳಕ್ಕೆ ಅಷ್ಟು ಸಾಕು. ಬೋರ್ ನೀರು ಇದ್ದರೆ ಬಳಸಬಹುದು, ಆದರೆ ನಮ್ಮ ಕಡೆ ಬಹಳ ಬೋರ್‌ಗಳ ನೀರು ಗಡಸು. ಮಣ್ಣಿನ ಮೇಲೆ ಬಿಳಿ ಪದರ ಕಾಣಿಸಿಕೊಂಡರೆ, ಎಲೆಯ ಅಂಚು ಸುಟ್ಟಂತಾದರೆ ನೀರಿನ ಉಪ್ಪು ಜಾಸ್ತಿ ಆಗಿದೆ ಎಂದು ತಿಳಿಯಿರಿ. ಆಗ ದಿನಾ ಚೂರು ಚೂರು ಚಿಮುಕಿಸುವ ಬದಲು ಎರಡು-ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಡಿ, ಎಲೆಯ ಮೇಲೆ ಹಾಕಬೇಡಿ.

## ಹಂತ 3: ಕಸ ತೆಗೆಯುವುದು

ಬೇಕಾದ ಸಾಮಾನು: ಸಲಿಕೆ, ಪಿಕಾಸಿ, ಹಾರೆ, ಕೊಡಲಿ, ಜನಕ್ಕೊಂದು ಕಸ ತೆಗೆಯುವ ಕುರ್ಪಿ, ನಾಲ್ಕು ಬುಟ್ಟಿ, ಉದ್ದನೆಯ ಕೋಲು, ಗಟ್ಟಿ ಬೂಟು, ಕೈಗವಸು, ಬಾಯಿಗೆ ಕಟ್ಟಿಕೊಳ್ಳಲು ಟವೆಲ್ಲು. ಬೂಟು ಇಲ್ಲದವರನ್ನು ಮೊದಲ ದಿನ ಒಳಗೆ ಬಿಡಬೇಡಿ. ಹಾಳುಬಿದ್ದ ಜಾಗದಲ್ಲಿ ಕಲ್ಲಿನ ಕೆಳಗೆ ಚೇಳು ಇರುತ್ತದೆ, ಹಾವೂ ಇರಬಹುದು. ಮೊದಲು ಕೋಲಿನಿಂದ ಬಡಿದು ಸದ್ದು ಮಾಡಿ. ಕಲ್ಲನ್ನು ನಿಮ್ಮ ಕಡೆಗೆ ಎಳೆದು ಎತ್ತಿ. ಆಗ ಕಲ್ಲೇ ಮರೆಯಾಗುತ್ತದೆ, ಕೆಳಗಿದ್ದದ್ದು ಆಚೆ ಓಡುತ್ತದೆ. ಹಾವು ಕಂಡರೆ ಹಿಂದೆ ಸರಿದು ನಿಲ್ಲಿ, ಹಿಡಿಯಬಲ್ಲವರನ್ನು ಕರೆಸಿ.

ಎಲ್ಲ ಕಸವೂ ಒಂದೇ ಅಲ್ಲ. ಇದು ಗೊತ್ತಿಲ್ಲದೆ ಜನ ಸುಮ್ನೆ ಬೆವರು ಸುರಿಸುತ್ತಾರೆ.

ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲು ಬೇರು ಸಮೇತ ಕೀಳಬೇಕು. ನೆಲ ಹಸಿ ಇದ್ದಾಗ ಸಲೀಸಾಗಿ ಬರುತ್ತದೆ. ಬಿಳಿ ಹೂ ಬಂದಿದ್ದರೆ ಕಿತ್ತದ್ದನ್ನು ಅಲ್ಲೇ ಬಿಡಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅಸ್ತಮಾ, ಚರ್ಮದ ಅಲರ್ಜಿ ಇರುವವರು ಆ ದಿನ ಚಹಾ ಮಾಡಿ ಕೊಡಲಿ, ಗಿಡ ಮುಟ್ಟುವುದು ಬೇಡ.

ಬಳ್ಳಾರಿ ಜಾಲಿಯನ್ನು ಕಡಿದರೆ ಸಾಯುವುದಿಲ್ಲ. ಬುಡದಿಂದ ನಾಲ್ಕು ಕವಲು ಒಡೆದು ಮೊದಲಿಗಿಂತ ದಪ್ಪ ಪೊದೆಯಾಗುತ್ತದೆ. ಬುಡದ ಗಂಟನ್ನೇ ಹಾರೆ ಹಾಕಿ ಎಬ್ಬಿಸಬೇಕು. ಒಂದು ಗಿಡಕ್ಕೆ ಒಂದು ಬೆಳಗು ಹೋದರೂ ಹೋಗಲಿ.

ನಿಜವಾದ ಶತ್ರುಗಳು ಕರಿಕೆ (ಗರಿಕೆ ಹುಲ್ಲು) ಮತ್ತು ಜೇಕು. ನೋಡಲು ಸಣ್ಣವು, ಪಾಪದವು. ಇಲ್ಲೇ ಜನ ಟ್ರ್ಯಾಕ್ಟರಿಗೆ ಕಟ್ಟಿ ಮಣ್ಣು ಹುಡಿ ಮಾಡುವ ರೋಟರಿ ಹೊಡೆಸಿ ಕೆಡುತ್ತಾರೆ. ರೋಟರಿ ಕರಿಕೆಯ ಬೇರನ್ನು ತುಂಡು ತುಂಡು ಮಾಡುತ್ತದೆ, ಪ್ರತಿ ತುಂಡೂ ಒಂದು ಹೊಸ ಗಿಡ. ಮೊದಲ ದಿನ ನೆಲ ಹುಡಿಯಾಗಿ ಚಂದ ಕಾಣುತ್ತದೆ. ಮೂರು ವಾರಕ್ಕೆ ಹಸಿರು ಚಾಪೆ ಹಾಸಿದಂತಾಗುತ್ತದೆ. ನಾವು ಮೊದಲ ವರ್ಷ ದುಡ್ಡು ಕೊಟ್ಟು ಮಾಡಿಸಿಕೊಂಡದ್ದು ಇದನ್ನೇ. ಕರಿಕೆಯನ್ನು ಪಿಕಾಸಿಯಿಂದ ಅರ್ಧ ಅಡಿ ಎಬ್ಬಿಸಿ, ಹೆಂಟೆ ಒಡೆದು, ಬೇರನ್ನು ಕೈಯಿಂದ ಆರಿಸಿ ಬಿಸಿಲಿಗೆ ಹಾಕಬೇಕು. ಜೇಕಿನ ಎಲೆ ಕಿತ್ತರೆ ಕೆಳಗಿನ ಕರಿ ಗಡ್ಡೆ ಹಾಗೇ ಉಳಿದು ವಾರದಲ್ಲಿ ಮತ್ತೆ ಚಿಗುರುತ್ತದೆ. ಗಡ್ಡೆ ಸಿಗುವವರೆಗೂ ಕುರ್ಪಿ ಇಳಿಸಿ. ಎಲ್ಲ ಗಡ್ಡೆ ಒಂದೇ ಸಲಕ್ಕೆ ಸಿಗುವುದಿಲ್ಲ, ಮೊದಲ ವರ್ಷ ಪೂರ್ತಿ ಈ ಕೆಲಸ ಇದ್ದದ್ದೇ.

ಕೊನೆಗೆ ಕಟ್ಟಡದ ಕಸ. ಬಡಾವಣೆಯ ಖಾಲಿ ಜಾಗ ಎಂದರೆ ಯಾರೋ ಒಬ್ಬರು ಅಲ್ಲಿ ಸಿಮೆಂಟ್ ಕಲಸಿರುತ್ತಾರೆ. ನೆಲದಲ್ಲಿ ಬೂದು ಬಣ್ಣದ ಗಟ್ಟಿ ಪದರ ಕಂಡರೆ ಅಲ್ಲಿ ಮಡಿ ಮಾಡಬೇಡಿ. ಗೊಬ್ಬರದ ಗುಂಡಿ, ಡ್ರಮ್ಮು, ಸಾಮಾನಿನ ಪೆಟ್ಟಿಗೆ ಇಡಲು ಆ ಜಾಗ ಒಳ್ಳೆಯದು.

## ಹಂತ 4: ಎರೆ ಮಣ್ಣಿನ ಹದ ಕಾಯುವುದು

ಎರೆ ಮಣ್ಣು, ಅಂದರೆ ನಮ್ಮ ಕಡೆಯ ಕಪ್ಪು ಮಣ್ಣು, ಒಣಗಿದಾಗ ಕಲ್ಲು, ನೆನೆದಾಗ ಅಂಟು. ನಡುವೆ ಹದ ಇರುವುದು ಕೆಲವೇ ದಿನ. ಒಂದು ಮುಷ್ಟಿ ಮಣ್ಣು ತೆಗೆದು ಉಂಡೆ ಕಟ್ಟಿ, ಎದೆ ಎತ್ತರದಿಂದ ಬಿಡಿ. ಒಡೆದು ಹುಡಿಯಾದರೆ ಹದ ಬಂದಿದೆ. ಚಪ್ಪಟೆಯಾಗಿ ಅಂಟಿಕೊಂಡರೆ ಇನ್ನೆರಡು ದಿನ ಕಾಯಿರಿ. ಹಸಿ ಇದ್ದಾಗ ಅಗೆದರೆ ಹೆಂಟೆಗಳು ಬಿಸಿಲಿಗೆ ಇಟ್ಟಿಗೆಯಾಗುತ್ತವೆ, ಆ ವರ್ಷ ಪೂರ್ತಿ ಅನುಭವಿಸಬೇಕು. 'ಭಾನುವಾರ ಎಲ್ಲರಿಗೂ ರಜೆ, ಅವತ್ತೇ ಅಗೆಯೋಣ' ಎನ್ನುವವರು ಇದ್ದೇ ಇರುತ್ತಾರೆ. ಮಣ್ಣಿಗೆ ಭಾನುವಾರ ಗೊತ್ತಿಲ್ಲ ಅಲ್ವಾ?

ಅಗೆಯುವ ಮೊದಲೇ ಮಣ್ಣಿನ ಮಾದರಿ ತೆಗೆಯಿರಿ. ಎಂಟು-ಹತ್ತು ಕಡೆ ಅರ್ಧ ಅಡಿ ಆಳದ ಗುಂಡಿ ತೋಡಿ, ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಚಕ್ಕೆ ಕೆರೆದು, ಎಲ್ಲ ಬೆರೆಸಿ ನೆರಳಲ್ಲಿ ಒಣಗಿಸಿ. ಅದರಲ್ಲಿ ಅರ್ಧ ಕಿಲೋ ಸಾಕು. ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ವರದಿ ಬಂದ ಮೇಲೆ ಅದನ್ನು ಓದಿಸಿಕೊಂಡೇ ಬನ್ನಿ.

ಮಡಿ ನಾಲ್ಕು ಅಡಿಗಿಂತ ಅಗಲ ಬೇಡ. ಎರಡೂ ಕಡೆಯಿಂದ ನಡುವಿನವರೆಗೆ ಕೈ ಹೋಗಬೇಕು, ಯಾರೂ ಮಡಿಯೊಳಗೆ ಕಾಲಿಡಬಾರದು. ನಡುವೆ ಒಂದೂವರೆ ಅಡಿ ದಾರಿ. ದಾರಿಯ ಮಣ್ಣನ್ನೇ ಮಡಿಗೆ ಏರಿಸಿ ಅರ್ಧ ಅಡಿ ಎತ್ತರ ಮಾಡಿ. ನಮ್ಮಲ್ಲಿ ಸೆಪ್ಟೆಂಬರ್‌ನಲ್ಲೇ ಮಳೆ ಜೋರು. ಎರೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.

ಗೊಬ್ಬರ ಮಡಿಗೆ 18–20 ಕಿಲೋ, ಚೆನ್ನಾಗಿ ಕಳಿತದ್ದು. ಕಳಿತ ಗೊಬ್ಬರಕ್ಕೆ ಸಗಣಿ ವಾಸನೆ ಇರುವುದಿಲ್ಲ, ಮೊದಲ ಮಳೆಯ ಮಣ್ಣಿನ ವಾಸನೆ ಇರುತ್ತದೆ. ಹಸಿ ಸಗಣಿ ಹಾಕಿದರೆ ಗೆದ್ದಲು, ಗೊಣ್ಣೆಹುಳು ಬರುತ್ತವೆ, ಜೊತೆಗೆ ಹೊಸ ಕಸದ ಬೀಜವೂ.

ಬೂದಿ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಒಬ್ಬರಾದರೂ ಒಲೆಯ ಬೂದಿಯ ಬುಟ್ಟಿ ತಂದೇ ತರುತ್ತಾರೆ. ಹುಳಿ ಮಣ್ಣಿನ ಊರುಗಳಲ್ಲಿ ಅದು ಸರಿ. ನಮ್ಮ ಎರೆ ಮೊದಲೇ ಸುಣ್ಣದ ಮಣ್ಣು. ಬೂದಿ, ಸುಣ್ಣ ಹಾಕಿದರೆ ಗಿಡಕ್ಕೆ ಕಬ್ಬಿಣ, ಸತು ಸಿಗುವುದು ಇನ್ನೂ ಕಷ್ಟವಾಗುತ್ತದೆ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣದ ಕೊರತೆ ಎಂದು ಗುರುತು. ಹಳೆ ಎಲೆ ಮೊದಲು ಹಳದಿಯಾದರೆ ಅದು ಸಾರಜನಕದ ಕೊರತೆ, ಬೇರೆ ಮಾತು.

## ಹಂತ 5: ಮೊದಲ ಬಿತ್ತನೆ

ಮೊದಲ ಬೆಳೆ ಹೊಟ್ಟೆಗಲ್ಲ, ಜನರನ್ನು ಹಿಡಿದಿಡಲು. ಅದಕ್ಕೇ ಬೇಗ ಬರುವುದನ್ನೇ ಬಿತ್ತಿ. ಮೆಂತ್ಯೆ, ರಾಜಗಿರಿ 25–30 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಮೂಲಂಗಿ 40–45 ದಿನ. ಒಂದು ತಿಂಗಳೊಳಗೆ ಒಂದು ಸೂಡು ಪಲ್ಯ ಮನೆಗೆ ಹೋದರೆ ಮನೆಯವರೇ ಬೆಳಿಗ್ಗೆ ಎಬ್ಬಿಸಿ ಕಳಿಸುತ್ತಾರೆ.

ಮೊದಲ ವರ್ಷ ಟೊಮೆಟೊ ಬೇಡ. ಕೋಲು ಕಟ್ಟಬೇಕು, ರೋಗ ಜಾಸ್ತಿ, ಗಿಡ ಸತ್ತರೆ ಮನಸ್ಸೂ ಸಾಯುತ್ತದೆ. ಎಲೆಕೋಸು, ಹೂಕೋಸೂ ಬೇಡ.

ಜೂನ್ 7–8ಕ್ಕೆ ಮೃಗಶಿರ ಮಳೆ ಕೂಡುತ್ತದೆ. ಒಂದು ಒಳ್ಳೆ ಮಳೆ ಬಿದ್ದು ಹದವಾದ ಮೇಲೆ ಬೆಂಡೆ, ಚವಳಿಕಾಯಿ (ಗೋರಿಕಾಯಿ), ಪುಂಡಿಪಲ್ಯ ಬಿತ್ತಿ. ಬೆಂಡೆ ಬೀಜವನ್ನು ರಾತ್ರಿ ನೆನೆಸಿ. ಸಾಲಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ. ಒಂದು ಮಡಿಗೆ 60 ಗಿಡ ಹಿಡಿಯುತ್ತವೆ, ಕಾಯಿ 45–50 ದಿನಕ್ಕೆ ಶುರು. ಮುಳಗಾಯಿ (ಬದನೆ) ಸಸಿಯನ್ನು ಎರಡು ಸಾಲಲ್ಲಿ, ಎರಡು ಅಡಿಗೊಂದು ನೆಡಿ. ಮಡಿಗೆ 20 ಸಸಿ ಸಾಕು. ಸಣ್ಣ ಸಸಿ ನೋಡಿ ಜಾಗ ಖಾಲಿ ಅನ್ನಿಸುತ್ತದೆ, ನಡುವೆ ಇನ್ನೊಂದು ತುರುಕಬೇಡಿ.

ಕೊತ್ತಂಬರಿ, ಪಾಲಕ್, ಗಜ್ಜರಿ (ಕ್ಯಾರೆಟ್), ಸಬ್ಬಸಗಿಗೆ ಅಕ್ಟೋಬರ್-ನವೆಂಬರ್ ಕಾಯಿರಿ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಯಾವ ಬೀಜವಾದರೂ ಅದರ ದಪ್ಪದ ಎರಡು-ಮೂರು ಪಟ್ಟು ಆಳ ಸಾಕು. ಎರೆಯಲ್ಲಿ ಅದಕ್ಕಿಂತ ಆಳ ಹೋದರೆ ಮೊಳಕೆ ಮೇಲಿನ ಗಟ್ಟಿ ಪದರ ಒಡೆದು ಬರಲಾರದು.

## ಹಂತ 6: ಮೂರನೇ ವಾರ

ತೋಟ ಸಾಯುವುದು ಇಲ್ಲಿ. ಮೊದಲ ವಾರ ಮೊಳಕೆ ನೋಡಲು ಎಲ್ಲರೂ ಬರುತ್ತಾರೆ. ಎರಡನೇ ವಾರ ಫೋಟೋ ಹಾಕುತ್ತಾರೆ. ಮೂರನೇ ವಾರ ನೋಡಲು ಏನೂ ಇರುವುದಿಲ್ಲ, ಕೀಳಲು ಮಾತ್ರ ಕಸ ಇರುತ್ತದೆ. ಅದು ಬೆರಳುದ್ದ ಇದ್ದಾಗ ಒಂದು ಮಡಿಗೆ ಇಪ್ಪತ್ತು ನಿಮಿಷದ ಕೆಲಸ. ಒಂದು ವಾರ ಬಿಟ್ಟರೆ ಒಂದು ಬೆಳಗು. ಎರಡು ವಾರ ಬಿಟ್ಟರೆ ಬೆಳೆ ಯಾವುದು, ಕಸ ಯಾವುದು ತಿಳಿಯದು.

ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತಿದರೆ ಗಿಡಕ್ಕೆ ನೀರು ಹೋಗುವುದಿಲ್ಲ. ಒಂದು ನೋಟ್‌ಬುಕ್ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಪೆನ್ನಿಗೆ ದಾರ ಕಟ್ಟಿ, ಗೇಟಿಗೆ ತೂಗುಹಾಕಿ. ತಾರೀಖು, ಹೆಸರು, ಯಾವ ಮಡಿ, ಏನು ಮಾಡಿದಿರಿ, ಏನು ಕಂಡಿರಿ. ಒಂದೇ ಸಾಲು ಸಾಕು. ನಮ್ಮದರಲ್ಲಿ ಒಂದು ದಿನ ಬರೀ 'ಬಂದೆ. ನೋಡಿದೆ. ಮೆಂತ್ಯೆ ಪಾಪ' ಎಂದು ಬರೆದಿತ್ತು. ಅಷ್ಟರಲ್ಲೇ ಗೊತ್ತಾಯಿತು, ನೀರು ಬಿದ್ದು ಮೂರು ದಿನವಾಗಿದೆ ಎಂದು.

ಒಂದು ನಿಯಮ ಮೊದಲೇ ಮಾಡಿಕೊಳ್ಳಿ. ಬರಲಾಗದಿದ್ದರೆ ಬದಲಿಯನ್ನು ತಾವೇ ಹುಡುಕಬೇಕು. ಹೇಳದೆ ಕೇಳದೆ ಎರಡು ವಾರ ಬರದಿದ್ದರೆ ಆ ಮಡಿ ಬೇರೆಯವರಿಗೆ. ಮೊದಲೇ ಹೇಳಿದ್ದರೆ ಯಾರಿಗೂ ಮನಸ್ಸಿಗೆ ಹತ್ತುವುದಿಲ್ಲ. ಆಮೇಲೆ ಹೇಳಿದರೆ ಮಾತು ಬಿಡುತ್ತಾರೆ.

ಬರದವರಷ್ಟೇ ತೊಂದರೆ ಕೊಡುವವರು ಜಾಸ್ತಿ ಬರುವವರು. ಒಂದೇ ಬೆಳಿಗ್ಗೆ ಮೂವರು ಒಬ್ಬರ ಹಿಂದೆ ಒಬ್ಬರು ಅದೇ ಮಡಿಗೆ ನೀರು ಹಾಕಿ ಹೋದರೆ ಏನಾಗುತ್ತದೆ? ನಮ್ಮ ಮೆಣಸಿನ ಸಸಿಗಳು ಹಾಗೇ ಕೊಳೆತವು. ಈಗ ಪ್ರತಿ ಮಡಿಯ ತಲೆಗೆ ಒಂದು ತೆಂಗಿನ ಕರಟ ಇಟ್ಟಿದ್ದೇವೆ. ನೀರು ಹಾಕಿದವರು ಅಂಗಾತ ಮಾಡುತ್ತಾರೆ. ಸಂಜೆ ಗೇಟು ಹಾಕುವವರು ಎಲ್ಲವನ್ನೂ ಮತ್ತೆ ಬೋರಲು ಹಾಕುತ್ತಾರೆ. ಅಂಗಾತ ಇದ್ದರೆ ಕೊಡ ಮುಟ್ಟುವಂತಿಲ್ಲ.

ಎರೆಯ ಮೇಲ್ಮೈ ನೋಡಿ ಮೋಸಹೋಗಬೇಡಿ. ಮೇಲೆ ಬಿರುಕು ಬಿಟ್ಟಿದ್ದರೂ ಕೆಳಗೆ ತೇವ ಇರುತ್ತದೆ. ಬೆರಳನ್ನು ಎರಡು ಇಂಚು ಇಳಿಸಿ. ತಣ್ಣಗೆ ಅಂಟಿದರೆ ಇವತ್ತು ನೀರು ಬೇಡ. ಮಧ್ಯಾಹ್ನ ಎಲೆ ಬಾಡುವುದು ಸಹಜ, ಬೆಳಿಗ್ಗೆ ಏಳಕ್ಕೂ ಬಾಡಿದ್ದರೆ ಮಾತ್ರ ಚಿಂತೆ ಮಾಡಿ.

## ಹಂತ 7: ರೋಗ, ಹುಳು

ಬೆಂಡೆ ಎಲೆಯ ನರಗಳು ಹಳದಿ ಬಲೆಯಂತೆ ಕಂಡರೆ ಅದು ಹಳದಿ ನಂಜುರೋಗ, ಬಿಳಿನೊಣ ಹರಡುತ್ತದೆ. ಔಷಧಿ ಇಲ್ಲ. ಕರುಣೆ ತೋರದೆ ಆ ಗಿಡ ಕಿತ್ತುಬಿಡಿ. ಮುಳಗಾಯಿಯ ಚಿಗುರು ಒಂದೇ ಕಡೆ ಬಾಗಿ ಬಾಡಿದ್ದರೆ ಒಳಗೆ ಕಾಯಿಕೊರಕ ಹುಳು ಕೂತಿದೆ. ಬಾಡಿದ ಜಾಗದಿಂದ ಒಂದು ಇಂಚು ಕೆಳಗೆ ಕತ್ತರಿಸಿ, ಆ ಚಿಗುರನ್ನು ತೋಟದಾಚೆ ಸುಟ್ಟುಹಾಕಿ. ವಾರಕ್ಕೆರಡು ಸಲ ಹೀಗೆ ಮಾಡಿದರೆ ಕಾಯಿ ಉಳಿಯುತ್ತವೆ.

ಸಣ್ಣ ಹೇನು, ಬಿಳಿನೊಣಕ್ಕೆ ಬೇವಿನ ಬೀಜದ ಕಷಾಯ. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಅದರ ಶಕ್ತಿ ಹೋಗುತ್ತದೆ. ಯಾರೋ ಒಬ್ಬರು ಹೊಲದಿಂದ ಉಳಿದ ಔಷಧಿ ಬಾಟಲಿ ತರುತ್ತಾರೆ. ಬೇಡ ಎನ್ನಿ. ಮಕ್ಕಳು ಓಡಾಡುವ ಜಾಗ, ನಾಳೆಯೇ ಪಲ್ಯ ಕೊಯ್ಯುವವರಿದ್ದಾರೆ.

## ಹಂತ 8: ಕೊಯ್ಲು ಮತ್ತು ಹಂಚಿಕೆ

ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಲೇಬೇಕು. ತುದಿ ಬಗ್ಗಿಸಿದರೆ ಟಕ್ ಎಂದು ಮುರಿಯಬೇಕು. ಬಗ್ಗಿ ನಿಂತರೆ ತಡವಾಯಿತು. ಬಲಿತ ಕಾಯಿ ಗಿಡದಲ್ಲಿ ಉಳಿದರೆ ಗಿಡ ಹೊಸ ಕಾಯಿ ಬಿಡುವುದನ್ನು ನಿಧಾನ ಮಾಡುತ್ತದೆ. ಚವಳಿಕಾಯಿಗೂ ಇದೇ ಮಾತು.

ಹಂಚಿಕೆಯಲ್ಲಿ ನಮ್ಮ ಪದ್ಧತಿ: ಮಡಿಯ ಇಬ್ಬರು ಮೊದಲು ತೆಗೆದುಕೊಳ್ಳುತ್ತಾರೆ, ಮಿಕ್ಕದ್ದು ಗೇಟಿನ ಬುಟ್ಟಿಗೆ. ಬುಟ್ಟಿಯಿಂದ ಯಾರು ಬೇಕಾದರೂ ಒಯ್ಯಬಹುದು. ಎಲ್ಲರಿಗೂ ಸಮಪಾಲು ಎಂದು ತೂಗಲು ಹೋದ ವರ್ಷ ಬದನೆಗಿಂತ ಜಗಳವೇ ಜಾಸ್ತಿ ಬೆಳೆಯಿತು. ದಾರಿಹೋಕರು ಎರಡು ಕಾಯಿ ಕಿತ್ತರೆ ಬಿಡಿ. ಆಡು, ದನಕ್ಕೆ ಮಾತ್ರ ಬೇಲಿ ಗಟ್ಟಿ ಇರಲಿ. ಗೇಟು ತೆರೆದಿಟ್ಟ ಒಂದು ಮಧ್ಯಾಹ್ನಕ್ಕೆ ಎರಡು ತಿಂಗಳ ಕೆಲಸ ಮುಗಿಯುತ್ತದೆ.

## ಹಂತ 9: ಬೇಸಿಗೆಗೆ ಮುಚ್ಚುವುದು

ಏಪ್ರಿಲ್-ಮೇನಲ್ಲಿ ತೋಟ ನಡೆಸುತ್ತೇವೆ ಎಂದು ಹಟ ಮಾಡಬೇಡಿ. ನೀರಿಲ್ಲ, ಜನರಿಲ್ಲ, ನೆರಳಿಲ್ಲ. ಬಿಟ್ಟು ಓಡಿಹೋಗುವ ಬದಲು ಸರಿಯಾಗಿ ಮುಚ್ಚಿ.

ಮಾರ್ಚ್ ಕೊನೆಗೆ ಗಿಡ ತೆಗೆದು, ಮಡಿ ಸಮ ಮಾಡಿ, ಒಮ್ಮೆ ಚೆನ್ನಾಗಿ ನೀರುಣಿಸಿ. ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಅಂಚನ್ನು ಸುತ್ತಲೂ ಮಣ್ಣಿನಿಂದ ಮುಚ್ಚಿ. ಕರಿ ಪ್ಲಾಸ್ಟಿಕ್ ಅಷ್ಟು ಕೆಲಸ ಮಾಡದು. ಬಿಸಿಲು ಒಳಗೆ ಇಳಿದು ಮಣ್ಣು ಕಾಯಬೇಕು. ನಾಲ್ಕರಿಂದ ಆರು ವಾರದಲ್ಲಿ ಮೇಲಿನ ಪದರದ ಕಸದ ಬೀಜ ಬಹಳಷ್ಟು ಸಾಯುತ್ತದೆ, ಜೇಕಿನ ಗಡ್ಡೆ ಮಾತ್ರ ಪೂರ್ತಿ ಹೋಗುವುದಿಲ್ಲ. ನಮ್ಮ ಊರಿನ ಬಿಸಿಲಿನಿಂದ ತೋಟಕ್ಕೆ ಆಗುವ ಒಂದೇ ಉಪಕಾರ ಇದು. ಪ್ಲಾಸ್ಟಿಕ್ ಸಾಲದಿದ್ದರೆ ಉಳಿದ ಮಡಿಗೆ ಜೋಳದ ರವದಿ (ಒಣ ಎಲೆ) ಹಾಸಿ, ಆದರೆ ಗೆದ್ದಲು ಹತ್ತಿದೆಯೇ ಎಂದು ವಾರಕ್ಕೊಮ್ಮೆ ಎತ್ತಿ ನೋಡಿ.

ಸಲಿಕೆ, ಕುರ್ಪಿ ತೊಳೆದು ಎಣ್ಣೆ ಸವರಿ ಒಬ್ಬರ ಮನೆಯಲ್ಲಿ ಇಡಿ. ಯಾರ ಮನೆ, ಎಷ್ಟು ಸಾಮಾನು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮೇ ಕೊನೆಗೆ ಹೊಸಬರು ಬಂದು 'ಈ ಸಲ ಇನ್ನೂ ನಾಲ್ಕು ಮಡಿ ಜಾಸ್ತಿ ಮಾಡೋಣ' ಎನ್ನುತ್ತಾರೆ. ಆಗ ಅದೇ ನೋಟ್‌ಬುಕ್ ತೆರೆದು ಹಿಂದಿನ ವರ್ಷದ ಜಾತ್ರೆ ವಾರದ ಪುಟ ನೋಡಿ. ಅಲ್ಲಿ ಎಷ್ಟು ಹೆಸರು ಇವೆಯೋ ಎಣಿಸಿ, ಎರಡರಿಂದ ಭಾಗಿಸಿ. ಈ ವರ್ಷ ಅಷ್ಟು ಮಡಿ. ನಮ್ಮದರಲ್ಲಿ ಕಳೆದ ಜನವರಿಯ ಆ ಪುಟದಲ್ಲಿ ಆರು ಹೆಸರಿದ್ದವು.